ಬಲರೆಕ್ಕೆಯ ಗೂಟ

ಎಂಜಿನ್ನಿಲ್ಲದೆ ತೇಲುವ ಸ್ಪರ್ಧೆಯ ಪುಟ್ಟ ವಿಮಾನಗಳ, ಅಂದರೆ ಗ್ಲೈಡರ್‌ಗಳ ರೆಕ್ಕೆ ವರ್ಷ ವರ್ಷಕ್ಕೂ ತೆಳ್ಳಗಾಗುತ್ತಿದೆ. ಒಂದು ಗ್ರಾಂ ಉಳಿಸಲು ಬಣ್ಣ ಬಳಿಯುವುದನ್ನೂ ಬಿಟ್ಟ ಪುಣ್ಯಾತ್ಮರಿದ್ದಾರೆ. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಅವಳು ಇವರೆಲ್ಲರಿಗಿಂತ ಒಂದು ಕೈ ಮೇಲೆ. ಹದಿನೆಂಟು ವರ್ಷ ರೆಕ್ಕೆ ಕಟ್ಟಿದವಳು ಅವಳು. ಹಾರಿಸಿ ಬಹುಮಾನ ಹೊತ್ತು ತಂದವನು ಗಂಡ. "ಮಾಡೋದು ನೀನು, ಹಾರ್ಸೋದು ನಾನು," ಎನ್ನುತ್ತಿದ್ದ ಮಹಾರಾಯ. ಹೋದ ವರ್ಷ ತೀರಿಕೊಂಡ.

ಅವನ ಕಾಲದ ದಪ್ಪ ರೆಕ್ಕೆಯ ಅಚ್ಚುಗಳನ್ನು ಅವಳು ಕಸಕ್ಕೆ ಹಾಕಿದಳು. ಆರು ತಿಂಗಳು ಕೂತು ಹೊಸ ಮಾದರಿಯ ಕಾರ್ಬನ್ ರೆಕ್ಕೆ ಕಟ್ಟಿದಳು. ಒಂದೇ ಒಂದು ಸಲ ತಾನು ಕಟ್ಟಿದ್ದು ತನ್ನ ಕೈಯಿಂದಲೇ ಹಾರಬೇಕು, ಅಷ್ಟೇ ಆಸೆ.

ಮೈದಾನದಲ್ಲಿ ಸರದಿ ಬಂದಾಗಲೇ ತಪ್ಪು ಕಣ್ಣಿಗೆ ಬಿತ್ತು. ರೆಕ್ಕೆಯ ತುದಿಯ ಗೂಟಕ್ಕೆ ಬೆರಳು ಸಿಕ್ಕಿಸಿ, ಗಿರ್ರನೆ ಒಂದು ಸುತ್ತು ತಿರುಗಿ ಎಸೆಯುವ ಆಟ ಇದು. ಬಲಗೈಯವರಿಗೆ ಗೂಟ ಎಡರೆಕ್ಕೆಯಲ್ಲಿರಬೇಕು. ಅವಳು ಹಳೇ ರೂಢಿಯಂತೆ ಬಲರೆಕ್ಕೆಗೆ ಅಂಟಿಸಿಬಿಟ್ಟಿದ್ದಳು. ಗಂಡ ಎಡಚ.

"ಥೂ, ನನ್ನ ಬುದ್ಧಿಗಿಷ್ಟು!"

ಎಷ್ಟು ಹೊತ್ತು ಹಾರಿತೆಂದು ಅಳೆಯಲು ಗಡಿಯಾರ ಹಿಡಿದು ನಿಂತಿದ್ದ ನಾದಿನಿ, "ಎಡಗೈಯಲ್ಲೇ ಎಸೀರಿ ಅತ್ತಿಗೆ, ಆದದ್ದಾಗ್ಲಿ," ಎಂದಳು.

ಎಡಗೈಯಲ್ಲಿ ಒಂದಕ್ಷರವನ್ನೂ ಬರೆಯದವಳು ಎಸೆದಳು. ಗ್ಲೈಡರ್ ಎಲ್ಲರದಕ್ಕಿಂತ ಎತ್ತರಕ್ಕೆ ಚಿಮ್ಮಿತು. ರಿಮೋಟಿನಲ್ಲಿ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ವಾಲಿತು. ರಿಮೋಟಿನ ಗುಂಡಿಗಳಿಂದ ಬೆರಳು ತೆಗೆದಳು. ಅದು ತಾನೇ ಮೇಲೇರುವ ಬಿಸಿಗಾಳಿ ಹುಡುಕಿಕೊಂಡು ಆರಾಮಾಗಿ ಸುತ್ತತೊಡಗಿತು. ಸುತ್ತಿಗೊಮ್ಮೆ ಮೂತಿ ಕುಣಿಸುವ ಆ ಜಂಬ ಯಾರದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಥೇಟ್ ಅಣ್ಣ ಹಾರ್ಸಿದ ಹಾಗೇ!" ನಾದಿನಿ ಹಿಗ್ಗಿ ಹೀರೇಕಾಯಿಯಾದಳು. ನೆರೆದವರು ಚಪ್ಪಾಳೆ ತಟ್ಟಿದರು.

ಹೆದರಿಕೆಯನ್ನು ಮೀರಿ ಅವಳಿಗೆ ಸಿಟ್ಟು ಬಂತು, ಸಿಟ್ಟಿನ ಜೊತೆಗೇ ಅಳು. "ಸತ್ತ ಮೇಲೂ ಬಿಡಲ್ವೇನ್ರೀ? ಇದೊಂದನ್ನಾದ್ರೂ ನಂಗೆ ಬಿಡಿ!"

ಗ್ಲೈಡರ್ ಸರ್ರನೆ ಇಳಿದು ಬಂದು, ಅವಳೆದುರು ಎದೆಮಟ್ಟದಲ್ಲಿ ಅಲುಗದೆ ನಿಂತಿತು. ಯಾರೋ ಹಿಡಿದು ಚಾಚಿದ ಹಾಗಿತ್ತು. ಅವಳು ಅದನ್ನು ಕಸಿದುಕೊಂಡು, ಮೊಣಕಾಲಿಗೆ ಕೊಟ್ಟು ಲಟಕ್ಕನೆ ಮುರಿದಳು.

"ಸಾಕು, ಗಡಿಯಾರ ನಿಲ್ಸು ಕಣೇ."

ನಾದಿನಿ ಇವಳತ್ತ ತಿರುಗಲೇ ಇಲ್ಲ. ಹುಬ್ಬಿಗೆ ಕೈ ಅಡ್ಡ ಹಿಡಿದು ಆಕಾಶವನ್ನೇ ನೋಡುತ್ತಿದ್ದಳು. ಉಳಿದವರೂ ಅಷ್ಟೇ.

"ಈಗ್ಲೇ ಯಾಕೆ ಅತ್ತಿಗೆ? ನಿಮ್ಮ ಗ್ಲೈಡರ್ ಇನ್ನೂ ಮೇಲಕ್ಕೆ ಹೋಗ್ತಾ ಇದ್ಯಲ್ಲ!"

ಅವಳು ಮುರಿದ ತುಂಡುಗಳನ್ನು ಕಂಕುಳಲ್ಲಿ ಅವುಚಿಕೊಂಡು ಮೈದಾನದಾಚೆ ನಡೆದಳು. ಹಿಂದೆ ಚಪ್ಪಾಳೆ ಜೋರಾಯಿತು. ಅವಳು ತಲೆ ಎತ್ತಿ ಮಾತ್ರ ನೋಡಲಿಲ್ಲ.