ತುಟಿ ಜಾರಿದ ಹೆಂಗಸು

ಗಯಾಸ್ ಗೋಡೆ ಕೆರೆಯುತ್ತಿದ್ದ. ಕೈಯಲ್ಲಿದ್ದದ್ದು ಬೆಳಗಿನ ಜಾವ ತೀರಿಕೊಂಡ ಭಾವ ಖಾದರ್ ಬಾಷಾರ ಬೈಂಡಿಂಗ್ ಚಾಕು. ಹಿತ್ತಲಲ್ಲಿ ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದರು. ಆಮೇಲೆ ತಂದು ಮಲಗಿಸಬೇಕಾದ ನಡುಮನೆಯ ಗೋಡೆ ತುಂಬ ಪತ್ತೇದಾರಿ ಕಾದಂಬರಿಗಳ ಹಳೇ ರಕ್ಷಾಪುಟಗಳು. ಪಿಸ್ತೂಲು ಹಿಡಿದವರು, ಮಹಡಿಯಿಂದ ಬೀಳುತ್ತಿರುವವರು, ಬಾಗಿಲ ಸಂದಿಯಲ್ಲಿ ಇಣುಕುವ ಹೆಂಗಸರು.

“ಮುಖ ಇರೋ ಚಿತ್ರ ಇದ್ರೆ ದೇವರ ಫರಿಶ್ತೆಗಳು ಒಳಗೆ ಬರಲ್ಲ ಆಪಾ. ನೀನೂ ಈ ಕೋಣೇಲೇ ಇದ್ದತ್ ಕೂತ್ಕೋಬೇಕು. ನಾಲ್ಕು ತಿಂಗಳು ಹೊಸ್ತಿಲು ದಾಟದೆ ಈ ಕಳ್ಳರ ಮೂತಿ ನೋಡ್ಕೊಂಡಿರ್ತೀಯಾ?”

ಸಬೀರಾ ತಮ್ಮನ ಕೈಯ ಚಾಕುವನ್ನೇ ನೋಡುತ್ತಿದ್ದಳು. ಅಳು ಬರಲಿಲ್ಲ. ಮೈಯೆಲ್ಲ ಜೋಮು ಹಿಡಿದಂತಿತ್ತು. ಪಾಪ, ಗಯಾಸ್ ಕೆಟ್ಟವನಲ್ಲ. ಬೆಳಗಿನಿಂದ ಕಫನ್ ಬಟ್ಟೆ, ಕಬರಸ್ತಾನ ಎಂದು ಯಲಹಂಕವೆಲ್ಲ ಸುತ್ತಿದವನು ಅವನೇ. ಸುಮ್ಮನೆ ಕೂರುವುದು ಮಾತ್ರ ಅವನ ಜಾಯಮಾನದಲ್ಲಿರಲಿಲ್ಲ. ಆದರೆ ಬಾಷಾ ಮೈದಾಕ್ಕೆ ಮೈಲುತುತ್ತ ಹಾಕಿ ಕುದಿಸಿದ ಅಂಟು ಅದು. ಗಾರೆ ಕಿತ್ತು ಬಂದರೂ ಕಾಗದ ಬಿಡುತ್ತಿರಲಿಲ್ಲ.

ಚಾಕು ಕಿಟಕಿಯ ಪಕ್ಕದ ಹೆಂಗಸಿನ ಹತ್ತಿರ ಬಂತು.

*

ಯಶವಂತಪುರದ ಬಾಡಿಗೆ ಪುಸ್ತಕದಂಗಡಿಗೆ ಬಾಷಾ ಬೈಂಡು ಹಾಕುತ್ತಿದ್ದರು. ಹತ್ತಾರು ಕೈ ದಾಟುವ ಕಾದಂಬರಿಗೆ ದಪ್ಪ ರಟ್ಟೇ ಬೇಕು, ಬಣ್ಣದ ರಕ್ಷಾಪುಟ ಹರಿದು ಬುಟ್ಟಿಗೆ. ಆ ಬುಟ್ಟಿ ದಿನಾ ಮನೆಗೆ ಬರುತ್ತಿತ್ತು. ಎಪ್ಪತ್ತೆರಡನೇ ಇಸವಿ, ಮದುವೆಯ ಹೊಸತು. ಗಂಡ ಹೆಂಡತಿಗೆ ಆಡಲು ಮಾತೇ ಇರಲಿಲ್ಲ. ಉಂಡೆಯಾ ಅಂದರೆ ಉಂಡೆ, ಅಷ್ಟೇ ಸಂಸಾರ.

ಒಂದು ಸಂಜೆ ಅವರು ಹೆಂಗಸಿನ ಮುಖವಿದ್ದ ಒಂದು ಹಾಳೆ ತಂದು ಅವಳ ಮುಂದೆ ಹಿಡಿದರು.

“ಈ ಕಣ್ಣು ನೋಡು. ಬೆಳಕು ಒಂದೇ ಕಡೆಯಿಂದ ಬಿದ್ದಿದೆ. ಬರೆದವನು ದೀಪಾನೇ ಬರೆದಿಲ್ಲ, ಆದ್ರೂ ಎಲ್ಲಿದೆ ಅಂತ ಗೊತ್ತಾಗುತ್ತೆ. ಅಚ್ಚಿನವರು ಕೆಡಿಸಿದ್ರು. ಕೆಂಪು ಜಾರಿ ತುಟಿ ಗದ್ದಕ್ಕೆ ಬಂದಿದೆ.”

ಸಬೀರಾ ನೋಡಿದಳು. “ಎಲೆ ಅಡಿಕೆ ಹಾಕ್ಕೊಂಡು ಬಾಯಿ ಒರೆಸ್ಕೊಳ್ಳೋದು ಮರೆತಿದ್ದಾಳೆ,” ಅಂದಳು.

ಬಾಷಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದಿನಿಂದ ಯಾವ ಚಿತ್ರವೂ ಅವಳ ಮಾತು ಕೇಳದೆ ಗೋಡೆ ಹತ್ತಲಿಲ್ಲ.

*

“ಸಾಕು ಗಯಾಸ್.”

ಅದು ಆ ದಿನ ಅವಳಾಡಿದ ಮೊದಲ ಮಾತು. ಅಷ್ಟರಲ್ಲಿ ಆ ಹೆಂಗಸಿನ ಹಣೆ, ಕಣ್ಣು, ಮೂಗು ಗಾರೆ ಸಮೇತ ಕಿತ್ತು ಅವನ ಕೈಗೆ ಬಂದಿದ್ದವು. ಸಬೀರಾ ಆ ಚೂರನ್ನು ಇಸಿದುಕೊಂಡು ಚಾಪೆಯಡಿ ಇಟ್ಟಳು. ಪಕ್ಕದ ಮನೆಯ ಗೌರಮ್ಮ ಬೆಡ್‌ಶೀಟು ತಂದು ಗೋಡೆಗೆ ಇಳಿಬಿಟ್ಟರು. ಅದರ ಮುಂದೆ ಬಾಷಾರನ್ನು ಮಲಗಿಸಿದರು, ಮುಖ ತೋರಿಸಿದರು, ಎತ್ತಿಕೊಂಡು ಹೋದರು. ಸಬೀರಾ ಎಲ್ಲವನ್ನೂ ಯಾರದೋ ಮನೆಯ ಸಾವೆಂಬಂತೆ ನೋಡಿದಳು. ಸುಣ್ಣ ಹೊಡೆಯುವವರನ್ನು ನಾಳೆ ಕರೆತರುತ್ತೇನೆಂದು ಗಯಾಸ್ ಹೇಳಿ ಹೋದ.

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ದೀಪ ಹಚ್ಚುವ ಹೊತ್ತಿಗೆ ಗೌರಮ್ಮ ಬಂದು ಏನಾದರೂ ಮಾಡಿ ತರಲೇ ಎಂದು ಕೇಳಿದರು.

“ಒಂದ್ ಹಿಡಿ ಮೈದಾ ಕುದಿಸ್ಕೊಡಿ ಗೌರಮ್ಮ. ಗಂಜಿ ತರ, ಗಟ್ಟಿಯಾಗಿ.”

ಗಂಟಲಲ್ಲಿ ಅನ್ನ ಇಳಿಯಲಿಕ್ಕಿಲ್ಲ ಎಂದುಕೊಂಡ ಗೌರಮ್ಮ ಹದವಾಗಿ ಉಪ್ಪು ಹಾಕಿಯೇ ತಂದರು.

“ಬಿಸಿಯಾಗಿರುವಾಗ್ಲೇ ಕುಡೀರಿ ಸಬೀರಮ್ಮ. ನೀವು ಕುಡಿಯೋವರ್ಗೂ ನಾನು ಹೋಗಲ್ಲ.”

ಸಬೀರಾ ಒಂದು ಗುಟುಕು ಕುಡಿದಳು. ನಾಲಿಗೆಗೆ ಉಪ್ಪು ತಗುಲಿತು. ಆಗ ಅಳು ಬಂತು, ತಡೆಯಲಾರದಷ್ಟು ಬಂತು.

ಅತ್ತು ಮುಗಿದ ಮೇಲೆ ಚಾಪೆಯಡಿಯ ಚೂರನ್ನು ತೆಗೆದು, ಉಳಿದ ಗಂಜಿಯನ್ನು ಬೆರಳಲ್ಲಿ ಅದರ ಬೆನ್ನಿಗೆ ಸವರಿ, ಬೆಡ್‌ಶೀಟು ಸರಿಸಿ ಗೋಡೆಗೆ ಒತ್ತಿದಳು. ಗೌರಮ್ಮ ಪಕ್ಕದಲ್ಲಿ ಲಾಟೀನು ಹಿಡಿದು ನಿಂತರು. ಚೂರು ಸರಿಯಾಗಿ ಕೂಡಲಿಲ್ಲ. ಗೋಡೆಯಲ್ಲೇ ಉಳಿದಿದ್ದ ತುಟಿ ಮೊದಲಿಗಿಂತಲೂ ಜಾರಿದಂತೆ ಕಂಡಿತು, ಗಂಜಿ ಕೆಳಗೆ ಇಳಿಯಿತು.

ಸಬೀರಾ ಸೆರಗಿನ ತುದಿಯಿಂದ ಆ ಹೆಂಗಸಿನ ಗದ್ದ ಒರೆಸಿದಳು.