ಬಾನೆಟ್ಟಿನ ಬಿಳಿ ಗೆರೆ

ಉಪ್ಪುನೀರಲ್ಲಿ ಕಾರು ತೊಳೆಯುವ ಕತ್ತೆ ನಿನ್ನ ಅಪ್ಪ ಒಬ್ಬನೇ ಇರ್ಬೇಕು ಮಾರಾಯ, ಮಂಡೆ ಸಮ ಇತ್ತಾ ಅವನಿಗೆ — ಕಾರಿನ ಅಡಿಯಿಂದಲೇ ಮುಖೇಶಣ್ಣ ಕೂಗಿದ, ಗ್ಯಾರೇಜಿಡೀ ಕೇಳಿತು, ಟಯರು ಕಳಚುತ್ತಿದ್ದವರು ಕೈ ನಿಲ್ಲಿಸಿ ನಕ್ಕರು, ಹೊರಗೆ ಕಾಣುವ ಅವನ ಎರಡು ಕಾಲುಗಳೂ ನಗುವಿಗೆ ಅಲ್ಲಾಡಿದವು, ಆ ಕಾಲಿಗೆ ಜಾಡಿಸಿ ಒಂದು ಒದೆಯಬೇಕು, ಒದೆಯಲಿಲ್ಲ, ಅಷ್ಟರಲ್ಲಿ ಅವನ ಸ್ಕ್ರೂಡ್ರೈವರಿನ ತುದಿ ಫ್ಲೋರನ್ನು ತೂತು ಮಾಡಿಕೊಂಡು ಮೇಲೆ ಬಂತು, ಕ್ಲಚ್ಚಿನ ಹತ್ತಿರ, ಅಪ್ಪನ ಎಡಗಾಲು ಇರುತ್ತಿದ್ದ ಜಾಗದಲ್ಲಿ, ಹಪ್ಪಳ ಯೋಗೀಶಾ, ಹಪ್ಪಳ ಆಗಿದೆ ಇದು, ಇಂಜಿನ್ ಬೇಕಾದ್ರೆ ಇನ್ನೂ ಹತ್ತು ವರ್ಷ ಓಡ್ತದೆ, ಆದ್ರೆ ಅಡಿಯೇ ಇಲ್ಲ. ಕದ್ರಿಯ ಮೋಹನದಾಸಣ್ಣ ತನ್ನ ಹೊಸ ಕಾರಿಗೆ ಒರಗಿ ನಿಂತಿದ್ದಾರೆ, ಹಂಪನಕಟ್ಟೆಯಲ್ಲಿ ಹೊಸ ಹೋಟೆಲು ಅವರದ್ದು, ಬಾಗಿಲಲ್ಲಿ ಜ್ಯೂಸ್ ಕೌಂಟರಿಗೆ ಒಂದು ಹಳೆಯ ಅಂಬಾಸಿಡರಿನ ಮುಖ ಬೇಕಂತೆ, ಮೂತಿ ನನಗೆ ಕೊಡು, ಕುಂಡೆ ಗುಜರಿಗೆ ಹಾಕು, ನಿನ್ನ ಶಾಲೆಯೂ ಅರ್ಧ, ಕಾರೂ ಅರ್ಧ, ಸಮ ಆಯ್ತಲ್ಲ — ಮತ್ತೆ ನಗು. ನನ್ನ ಮುಷ್ಟಿಯಲ್ಲಿ ಕೀ. ಅದರ ಹಲ್ಲು ಅಂಗೈಗೆ ಇಳಿಯುತ್ತಿದೆ, ಇಳಿಯಲಿ.

ಬೆಸುಗೆ ಹಾಕಿಸಿದರೆ ಅಡಿಗೆ ಹೊಸ ತಗಡು ಬರುತ್ತದೆ, ಕಪ್ಪು ಪೇಂಟು ಬರುತ್ತದೆ, ಅಪ್ಪ ಕಾರು ನಿಲ್ಲಿಸುತ್ತಿದ್ದ ಟ್ಯಾಕ್ಸಿ ಸ್ಟ್ಯಾಂಡಿನಲ್ಲೇ ನಾನು ನಿಲ್ಲಿಸುತ್ತೇನೆ, ಇನ್ನೊಬ್ಬರ ಬೋಟಿನಲ್ಲಿ ಬಲೆ ಎಳೆಯುವುದು ಮುಗಿಯುತ್ತದೆ, ಇವತ್ತು ಬೆಳಿಗ್ಗೆವರೆಗೂ ಅಷ್ಟೇ ಇತ್ತು ತಲೆಯಲ್ಲಿ, ಅಮ್ಮ ದೀಪ ಇಟ್ಟು ಕಾರಿನ ಕೀಯನ್ನು ಅಪ್ಪನ ಫೋಟೊಕ್ಕೆ ಮುಟ್ಟಿಸಿ ಕೊಟ್ಟಳು, ಕೊಡುದಾದ್ರೆ ಕೊಡು, ಸರಿ ಮಾಡುದಾದ್ರೆ ಮಾಡು, ಅವರಿಗೆ ಬೇಸರ ಆಗುವ ಹಾಗೆ ಎಂತದೂ ಮಾಡ್ಬೇಡ ಮಗಾ. ಬೇಸರ. ಹೊಳೆಗೂ ಕಡಲಿಗೂ ನಡುವಿನ ನಮ್ಮ ಬೆಂಗ್ರೆಯಲ್ಲಿ ಹುಟ್ಟಿದ ಯಾವ ಮಗುವಿಗೆ ಗೊತ್ತಿಲ್ಲ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ ಎಂದು, ದಡದಲ್ಲಿ ಬಿದ್ದ ಲಂಗರು ಮುಟ್ಟಿದರೆ ಕೈಗೆ ಕೆಂಪು ಹುಡಿ ಬರುತ್ತದೆ, ಬೋಟಿನ ಬೋಲ್ಟುಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ, ಗೊತ್ತಿತ್ತು, ನನಗೆ ಗೊತ್ತಿತ್ತು. ಒಂಬತ್ತನೆಯ ಕ್ಲಾಸಿನಲ್ಲಿ ಒಬ್ಬ ನನ್ನ ಅಂಗಿ ಮೂಸಿ, ಬಂಗುಡೆ ಮೀನು ಬಂತು ಎಂದ, ಅವನ ಹಲ್ಲು ಉದುರಿತು, ಕ್ಷಮೆ ಕೇಳು ಎಂದರು, ಕೇಳಲಿಲ್ಲ, ಚೀಲ ಅಲ್ಲೇ ಬಿಟ್ಟು ಬಂದೆ, ಅಪ್ಪ ಹೊಡೆಯಲಿಲ್ಲ, ಶಾಲೆಗೆ ಹೋಗದಿದ್ರೆ ದಿನಾ ಬೆಳಿಗ್ಗೆ ಕಾರು ತೊಳಿ, ನಳ್ಳಿ ನೀರಲ್ಲಿ ತೊಳಿ, ಹೊಳೆಯದ್ದು ಮುಟ್ಬೇಡ, ಅಷ್ಟೇ ಹೇಳಿದ್ದು. ನಳ್ಳಿ ಇರುವುದು ಶಾಲೆಯ ದಾರಿಯಲ್ಲಿ. ಬಕೆಟ್ ಹಿಡಿದು ಸಾಲಿನಲ್ಲಿ ನಾನು, ಎದುರಿನಿಂದ ಯೂನಿಫಾರ್ಮಿನಲ್ಲಿ ಅವರೆಲ್ಲ, ಎಂತ ಯೋಗೀಶಾ, ಪಾಸಾ ಫೇಲಾ. ಮೂರನೆಯ ದಿನ ಹಿತ್ತಲಿನಿಂದ ಇಳಿದೆ, ಹೊಳೆ ಹತ್ತು ಹೆಜ್ಜೆ, ಮಾರ್ಚ್ ತಿಂಗಳು, ಉಬ್ಬರದ ಹೊತ್ತು, ಬಾಯಿಗೆ ಹಾಕಿದರೆ ಉಗುಳುವಷ್ಟು ಉಪ್ಪು, ಬಕೆಟ್ ಬಕೆಟ್ ಎರಚಿದೆ, ಬಾಗಿಲಿನ ಒಳಗೆ, ಮ್ಯಾಟು ಎತ್ತಿ ಫ್ಲೋರಿಗೆ, ತಿನ್ನು, ತಿಂದು ಹಾಕು, ಹೀಗೆ ಹೇಳಿಕೊಂಡೇ ಎರಚಿದ್ದೆ. ಅಪ್ಪ ಬಂದ, ಕಪ್ಪು ಬಾನೆಟ್ಟಿನ ಮೇಲೆ ನೀರು ಒಣಗಿ ಒಂದು ಬಿಳಿ ಗೆರೆ ನಿಂತಿತ್ತು, ತೋರುಬೆರಳಿನಿಂದ ಅದನ್ನು ಒರೆಸಿದ, ಬೆರಳನ್ನು ನಾಲಿಗೆಗೆ ಮುಟ್ಟಿಸಿದ, ನನ್ನನ್ನು ನೋಡಿದ. ಕಾರು ಹತ್ತಿ ಹೋದ. ಮರುದಿನವೂ ನಾನು ಹೊಳೆಗೇ ಹೋದೆ, ಅದರ ಮರುದಿನವೂ, ಎರಡು ವರ್ಷ, ಬೈಯಲಿ ನೋಡುವ ಎಂದು, ಬೈದಿದ್ದರೆ ನಿಲ್ಲಿಸುತ್ತಿದ್ದೆನೋ ಏನೋ, ಬೈಯಲಿಲ್ಲವಲ್ಲ ಆ ಮನುಷ್ಯ.

ಹೇಳಬೇಕು, ಈಗ ಹೇಳಬೇಕು, ಕತ್ತೆ ಅಪ್ಪ ಅಲ್ಲ ಮುಖೇಶಣ್ಣ, ಕತ್ತೆ ಇಲ್ಲಿ ನಿಂತಿದೆ, ಮಾತು ಹೊರಡುವ ಮೊದಲೇ ಸ್ಕೂಟರ್ ರಿಪೇರಿಗೆ ಕಾಯುತ್ತಾ ಸ್ಟೂಲಿನಲ್ಲಿ ಕುಳಿತ ಗ್ಲ್ಯಾಡಿಸ್ ಬಾಯಿ ಎದ್ದರು, ಟ್ಯಾಕ್ಸಿ ಸ್ಟ್ಯಾಂಡಿನ ಹಿಂದಿನ ಹಳೆಯ ಮನೆಯ ಹೆಂಗಸು, ಸ್ಟ್ಯಾಂಡಿನವರಿಗೆಲ್ಲ ಅವರು ಬಾಯಿ, ಸುಮ್ನಿರು ಮುಖೇಶ, ಸತ್ತವನ ಬಗ್ಗೆ ಬಾಯಿಗೆ ಬಂದ ಹಾಗೆ ಮಾತಾಡ್ಬೇಡ, ಇವನ ಅಪ್ಪ ಜಯ ಉಪ್ಪುನೀರು ಹಾಕುವ ಜನವಾ, ದಿನಾ ಬೆಳಿಗ್ಗೆ ನಮ್ಮ ಬಾವಿಯಿಂದ ಆರು ಕೊಡ ನೀರು ಸೇದಿ ಕಾರು ತೊಳೀತಿದ್ದ, ಅಡಿಗೆ ಮಲಗಿ ಬಟ್ಟೆಯಲ್ಲಿ ಒರೆಸ್ತಿದ್ದ, ಮನೆಯಲ್ಲಿ ಮಗ ತೊಳೀತಾನೆ ಅಂತೀಯಲ್ಲ, ಪುನಃ ಎಂತಕ್ಕೆ ಜಯ ಅಂತ ಕೇಳಿದ್ರೆ ನಗ್ತಿದ್ದ, ಮಗ ಚಂದ ತೊಳೀತಾನೆ ಬಾಯಿ, ಇದು ನನ್ನ ಸಮಾಧಾನಕ್ಕೆ, ಅಂತಿದ್ದ. ಮಗ ಚಂದ ತೊಳೆಯುತ್ತಾನೆ. ಆರು ಕೊಡ. ಸೊಂಟ ನೋವು ಎಂದು ರಾತ್ರಿ ಅಮ್ಮನ ಹತ್ತಿರ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ, ಕ್ಲಚ್ ಗಟ್ಟಿ ಅದಕ್ಕೆ ಎನ್ನುತ್ತಿದ್ದ, ಮೇಲಿನ ಉಪ್ಪು ಬಾವಿಯ ನೀರಿಗೆ ಹೋಗಿರಬೇಕು, ಸಂದಿಗೆ ಇಳಿದದ್ದು ಅಲ್ಲೇ ಕುಳಿತು ತಿಂದಿತು. ತಗಡು ಹೊದೆಸಿದರೆ ನಾನು ಮಾಡಿದ್ದು ತಗಡಿನ ಅಡಿಗೆ ಹೋಗುತ್ತದೆ, ಕತ್ತರಿಸಿದರೆ ಗುಜರಿಗೆ ಹೋಗುತ್ತದೆ, ಎರಡರಲ್ಲೂ ಕತ್ತೆಯೆಂಬ ಹೆಸರು ಅಪ್ಪನಿಗೆ. ಮುಖೇಶಣ್ಣ ಅಡಿಯಿಂದ ಜಾರಿ ಹೊರಗೆ ಬಂದ, ಅವನ ಮುಖದ ತುಂಬ ಕೆಂಪು ಹುಡಿ, ಎಂತ ಮಾಡುದು ಹೇಳು ಮಾರಾಯ, ಬೆಸುಗೆಯಾ ಕತ್ತರಿಸುದಾ, ಮೋಹನದಾಸಣ್ಣ ಗಡಿಯಾರ ನೋಡುತ್ತಾರೆ, ಗ್ಲ್ಯಾಡಿಸ್ ಬಾಯಿ ನನ್ನನ್ನೇ ನೋಡುತ್ತಾರೆ, ತುಟಿಗೆ ಇಳಿದ ಬೆವರು ಉಪ್ಪು, ಎಲ್ಲ ಉಪ್ಪು, ಕಾಲು ತಿರುಗಿತು, ಹೋಯ್ ಯೋಗೀಶಾ, ಕೀ ಕೊಟ್ಟು ಹೋಗು, ಹೋಯ್, ಗೇಟು ದಾಟಿದೆ, ಇಳಿಜಾರು, ಬಿಸಿಲು, ಮುಷ್ಟಿಯಲ್ಲಿ ಕೀ ಹಾಗೇ ಉಂಟು, ಹಿಂದಿನಿಂದ ಇನ್ನೂ ಕೂಗುತ್ತಿದ್ದಾರೆ, ನಡೆಯುತ್ತಿದ್ದೇನೆ, ಕಪ್ಪು ಬಾನೆಟ್ಟು, ಬಿಳಿ ಗೆರೆ, ಬೆರಳು ಅದನ್ನು ಒರೆಸುತ್ತದೆ, ಮೇಲೆ ಹೋಗುತ್ತದೆ, ನಾಲಿಗೆಗೆ ಮುಟ್ಟುತ್ತದೆ, ಅಪ್ಪ ನನ್ನನ್ನು ನೋಡುತ್ತಾನೆ — ಬೆರಳು, ನಾಲಿಗೆ —