ಮಾಲಿನಿಯ ಹೆಬ್ಬೆರಳು

ಚೌಳಹಿರಿಯೂರಿನ ಸುಲೋಚನಮ್ಮನವರು ಎಪ್ಪತ್ತು ವರ್ಷದಲ್ಲಿ ಒಮ್ಮೆಯೂ ಮೈಗೆ ಸೋಪು ಮುಟ್ಟಿಸಿದವರಲ್ಲ. ಅದರಲ್ಲಿ ಯಾವ ಪ್ರಾಣಿಯ ಕೊಬ್ಬಿದೆಯೋ, ಹಚ್ಚಿಕೊಂಡು ಶಿವಪೂಜೆಗೆ ಕೂರುವುದು ಹೇಗೆ ಎಂಬುದು ಅವರ ಅನುಮಾನ. ಕಡಲೆಹಿಟ್ಟು, ಸೀಗೆಪುಡಿ, ಅಷ್ಟೇ.

ಸೊಸೆ ಮಾಲಿನಿಗೋ ಮನೆಯಲ್ಲೇ ಸೋಪು ಮಾಡುವ ಹುಚ್ಚು. ತರೀಕೆರೆಯ ತವರಿನಿಂದ ಬರುವಾಗಲೇ ಪುಟ್ಟ ತಕ್ಕಡಿ, ಮರದ ಅಚ್ಚು ತಂದಿದ್ದಳು. ಭಾನುವಾರ ಬಂತೆಂದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಿತ್ತಲಲ್ಲಿ ಕೂರುವಳು. ಕಾಸ್ಟಿಕ್ ಸೋಡ ಕರಗಿಸಿದ ನೀರನ್ನು, ಬೀರೂರಿನ ಗಾಣದಲ್ಲಿ ಆಡಿಸಿ ತಂದ ಕೊಬ್ಬರಿ ಎಣ್ಣೆಗೆ ಹೊಯ್ದು ಕಲಕುವಳು. ಜೇನುಮೇಣ ಕರಗಿಸಿ, ಹಿಮ್ಮಡಿ ಒಡಕಿಗೆ ಹಚ್ಚುವ ಗಟ್ಟಿ ಬಿಲ್ಲೆಗಳನ್ನೂ ಎರೆಯುವಳು.

“ಅಂಗಡೀಲಿ ಸಿಗೋದ್ಕೆ ಈ ತಪಸ್ಸು ಯಾಕೆ ಕಣೇ?”

“ನೀವು ಬತ್ತಿ ಹೊಸೆಯಲ್ವಾ ಅತ್ತೆ? ಅದೂ ಅಂಗಡೀಲಿ ಸಿಗುತ್ತೆ.”

ಕೊನೆಯ ಸಲ ಅವಳು ಮಾಡಿದ್ದು ಅತ್ತೆಗೆಂದೇ. ಬರೀ ಕೊಬ್ಬರಿ ಎಣ್ಣೆ, ಲಾವಂಚ. ಹನ್ನೆರಡು ಬಿಲ್ಲೆ ಕೊಯ್ದು, ಮೆತ್ತಗಿರುವಾಗಲೇ ಒಂದೊಂದರ ಮೇಲೂ ಹೆಬ್ಬೆರಳು ಒತ್ತಿದಳು.

“ಇದ್ರಲ್ಲಿ ಕೊಬ್ಬು ಗಿಬ್ಬು ಏನಿಲ್ಲ, ಎಣ್ಣೆ, ಬೇರು ಎಲ್ಲ ನಮ್ಮ ತೋಟದ್ದೇ. ಒಂದ್ಸಲ ಹಚ್ಕೊಂಡು ನೋಡಿ ಅತ್ತೆ. ಆದ್ರೆ ಆರು ವಾರ ಗಾಳೀಲಿ ಒಣಗ್ಬೇಕು.”

“ಆರು ವಾರ ಆಗ್ಲಿ, ನೋಡಾಣ.”

ನಾಲ್ಕನೆಯ ವಾರ ಜ್ವರವೆಂದು ಮಲಗಿದ ಮಾಲಿನಿ ಮತ್ತೆ ಏಳಲಿಲ್ಲ.

ಕಾರ್ಯ ಮುಗಿದ ಮಾರನೆಯ ದಿನ ಸುಲೋಚನಮ್ಮ ಅಟ್ಟದಲ್ಲಿ ಒಣಗಲಿಟ್ಟಿದ್ದ ಹನ್ನೆರಡು ಬಿಲ್ಲೆಗಳನ್ನೂ ಇಳಿಸಿ, ಸೊಸೆಯ ಸೀರೆಯ ತುಂಡಿನಲ್ಲಿ ಸುತ್ತಿ, ತಗಡಿನ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದರು. ನೀರು ಸೋಕಿದರೆ ಆ ಬೆರಳ ಗುರುತು ಹೋಗುತ್ತದೆ. ಮನೆಯಲ್ಲಿ ಯಾರೂ ಮುಟ್ಟಕೂಡದೆಂದರು.

ಅಂದಿನಿಂದ ಬಚ್ಚಲಲ್ಲಿ ಲಾವಂಚದ ವಾಸನೆ. ಬೆಳಗ್ಗೆ ಹಂಡೆಗೆ ಉರಿ ಹಾಕುವಾಗ, ಯಾರೋ ಆಗತಾನೆ ಮಿಂದು ಹೋದಂತೆ ಬರುತ್ತಿತ್ತು. ಮಗ ಓಂಕಾರೇಶನನ್ನು ಕೇಳಿದರೆ, “ನಂಗೇನೂ ಬರಲ್ವಲ್ಲವ್ವಾ” ಎನ್ನುತ್ತಿದ್ದ. ಕನಸಿನಲ್ಲಿ ಮಾಲಿನಿ ಬಚ್ಚಲ ಬಾಗಿಲಲ್ಲಿ ನಿಲ್ಲುವಳು. ಅಂಗೈ ಮುಂದೆ ಚಾಚಿರುತ್ತಿತ್ತು, ಅದರಲ್ಲಿ ಏನೂ ಇರುತ್ತಿರಲಿಲ್ಲ. ಸುಲೋಚನಮ್ಮ ಅಂತರಘಟ್ಟಮ್ಮನಿಗೆ ಹರಕೆ ಹೊತ್ತರು. ವಾಸನೆ ಹೋಗಲಿಲ್ಲ.

ವರ್ಷ ತುಂಬಿತು. ಮಾಲಿನಿ ಹಿರಿಯರ ಸಾಲಿಗೆ ಸೇರುವ ಮೊದಲ ಮಹಾಲಯ ಅಮಾವಾಸ್ಯೆಗೆ ಸುಲೋಚನಮ್ಮನವರ ಮಗಳು ಭವ್ಯ ಅಜ್ಜಂಪುರದಿಂದ ಬಂದಳು.

“ಅವ್ವಾ, ಎಡೆಗೆ ಅತ್ತಿಗೆ ಮಾಡಿದ್ ಸೋಪು ಒಂದು ಇಡಾಣ. ಸೀರೆಗಿಂತ ಅದ್ರ ಮೇಲೇ ಜೀವ ಅವ್ರಿಗೆ.”

ಸುಲೋಚನಮ್ಮ ಎದ್ದು ಡಬ್ಬಿ ತಂದರು. ಮುಚ್ಚಳ ತೆಗೆದಾಗ ಹಳಸಿದ ಎಣ್ಣೆಯ ಕಮಟು ಮುಖಕ್ಕೆ ಹೊಡೆಯಿತು. ಬಿಲ್ಲೆಗಳ ಮೈಯೆಲ್ಲ ತುಕ್ಕಿನಂಥ ಕಲೆ. ಸುಲೋಚನಮ್ಮ ಒಂದನ್ನೆತ್ತಿ ಸೆರಗಿನಿಂದ ಒರೆಸಿದರು, ಕಲೆ ಹೋಗಲಿಲ್ಲ.

“ಶಿವನೇ, ಏನ್ ಮಾಡ್ಬಿಟ್ಟೆ ನಾನು.”

“ಒಣಗೋ ಮುಂಚೆ ಬಿಗಿದಿಟ್ರೆ ಹಿಂಗೇ ಆಗೋದು. ಗಾಳಿ ಬೇಕು ಅಂತ ಅತ್ತಿಗೆ ಹೇಳಿರ್ಲಿಲ್ವಾ?”

“ಹೇಳಿದ್ಲು ಕಣವ್ವ. ನನಗೇ ಹೇಳಿದ್ಲು.”

ಒಂದೊಂದಾಗಿ ತೆಗೆದು ನೋಡಿದರು. ಸೀರೆಯ ನಡುಮಡಿಕೆಯಲ್ಲಿದ್ದ ಒಂದು ಮಾತ್ರ ಕಲೆಯಿಲ್ಲದೆ ಬೆಳ್ಳಗಿತ್ತು. ಅದನ್ನೇ ಎಡೆಯ ಮುಂದೆ, ಹೊಸ ಸೀರೆಯ ಪಕ್ಕ ಇಟ್ಟರು. ಬಿಸಿ ಹೋಳಿಗೆ, ಅನ್ನ, ಸಾರು ಬಡಿಸಿ, ಚೊಂಬಿನಲ್ಲಿ ನೀರಿಟ್ಟು, ಧೂಪ ಹಾಕಿ, ಹಿರಿಯರು ಉಣ್ಣಲೆಂದು ಬಾಗಿಲು ಮುಂದೆ ಮಾಡಿಕೊಂಡು ಮೂವರೂ ಪಡಸಾಲೆಯಲ್ಲಿ ಕೂತರು. ಒಳಗೆ ಚೊಂಬು ನೆಲಕ್ಕೆ ತಾಕಿದ ಸದ್ದು ಸುಲೋಚನಮ್ಮನವರಿಗೆ ಕೇಳಿಸಿತು. ಉಳಿದಿಬ್ಬರ ಮುಖ ನೋಡಿದರು. ಅವರಿಗೆ ಕೇಳಿಸಿದಂತಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ, ಒಳಗಿದ್ದವರಿಗೆ ಎದ್ದುಹೋಗಲು ಬಿಡುವಾಗಲೆಂದು ಓಂಕಾರೇಶ ಪದ್ಧತಿಯಂತೆ ಮೂರು ಸಲ ಬಾಗಿಲು ತಟ್ಟಿ ತೆರೆದ. ಸೋಪಿನ ಮೈತುಂಬ ನೀರಹನಿ. ಹೆಬ್ಬೆರಳ ಗುಳಿಯಲ್ಲಿ ಒಂದು ತೊಟ್ಟು ತುಂಬಿ ನಿಂತಿತ್ತು.

“ಅನ್ನದ ಹಬೆ ಕಣವ್ವ,” ಎಂದಳು ಭವ್ಯ. “ಮನೆ ಸೋಪು ನೀರು ಎಳ್ಕೊಳ್ತದೆ.”

“ಇರ್ಬೋದು.”

ಮಾರನೆಯ ಬೆಳಗ್ಗೆ ಸುಲೋಚನಮ್ಮ ಆ ಬಿಲ್ಲೆಯನ್ನು ಬಚ್ಚಲಿಗೆ ಒಯ್ದರು. ಅದೇ ಲಾವಂಚ, ಎಂದಿಗಿಂತ ಹತ್ತಿರದಲ್ಲಿ. ಆ ಗುಳಿಯೊಳಗೆ ತಮ್ಮ ಹೆಬ್ಬೆರಳಿಟ್ಟರು. ಸೊಸೆಯದಕ್ಕಿಂತ ದಪ್ಪ ಬೆರಳು, ಪೂರಾ ಕೂರಲಿಲ್ಲ. ಬಿಸಿನೀರು ಬಿದ್ದೊಡನೆ ಹಾಲಿನಂಥ ನೊರೆ ಬಂತು.

“ಆರು ವಾರ ಆಯ್ತು ಕಣವ್ವ,” ಎಂದರು, ಬಾಗಿಲ ಕಡೆಗೆ ತಿರುಗದೆ. “ಚೆನ್ನಾಗೈತೆ.”

ಬೆನ್ನ ಹಿಂದೆ ಯಾರೋ ಉಸಿರು ಬಿಟ್ಟಂತಾಯಿತು. ಹಂಡೆಯ ಬೆಂಕಿ ಇರಬಹುದು.

ದಿನಾ ಅದರಲ್ಲೇ ಮಿಂದು ಪೂಜೆಗೆ ಕೂತರು. ಗುರುತು ದಿನಕ್ಕಿಷ್ಟು ಸವೆಯಿತು. ದೀಪಾವಳಿಯ ಹೊತ್ತಿಗೆ ಬಿಲ್ಲೆ ವೀಳ್ಯದೆಲೆಯಷ್ಟು ತೆಳ್ಳಗಾಗಿ, ಒಂದು ಬೆಳಗ್ಗೆ ಅಂಗೈಯಲ್ಲೇ ಕರಗಿಹೋಯಿತು.

ಮರುದಿನ ಉರಿ ಹಾಕಲು ಕೂತಾಗ ಸುಲೋಚನಮ್ಮ ಉಸಿರೆಳೆದು ನೋಡಿದರು. ಇನ್ನೊಮ್ಮೆ ಎಳೆದರು. ತೆಂಗಿನ ಗರಿಯ ಹೊಗೆ, ಒದ್ದೆ ಕಲ್ಲು, ಅಷ್ಟೇ. ನೀರು ಕಾದು ಆರುವವರೆಗೂ ಅವರು ಅಲ್ಲೇ ಕೂತಿದ್ದರು.